ಕಾಕಾನ ಒಂದು ವರ್ಷ, ಒಂದು ಪಾಕೆಟ್ ಡೈರಿ

ಹೋದ ಸಲ ಪಿಜಿಯ ಅನ್ನಸಾರಿನ ಕಷ್ಟ ತೋಡಿಕೊಂಡಿದ್ದಕ್ಕೆ ನಿಮ್ಮಲ್ಲಿ ಸುಮಾರು ಜನ ಜೋಳದ ರೊಟ್ಟಿ ಸಿಗುವ ಖಾನಾವಳಿಗಳ ಲೊಕೇಶನ್ ಕಳಿಸಿದ್ರಿ. ಎಲ್ಲರಿಗೂ ಥ್ಯಾಂಕ್ಸ್. ಎರಡು ಕಡೆ ಹೋಗಿ ಬಂದೆ. ಒಂದು ಕಡೆ ಶೇಂಗಾ ಹಿಂಡಿ ನಿಜವಾಗ್ಲೂ ಊರಿನದ್ದೇ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಖಾರಕ್ಕೂ ಇರಬಹುದು.

ಈ ಸಲ ಊಟದ ವಿಷಯ ಅಲ್ಲ. ನಮ್ಮ ಕಾಕಾನ ವಿಷಯ.

ಈ ವರ್ಷ ಜನವರಿ 26 ಸೋಮವಾರ ಬಂದಿತ್ತಲ್ಲ, ನಿಮ್ಮ ಹಾಗೆ ನಾನೂ ಕ್ಯಾಲೆಂಡರ್ ನೋಡಿ ತಿಂಗಳ ಮೊದಲೇ ಬಸ್ ಬುಕ್ ಮಾಡಿದ್ದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಶನಿವಾರ ಬೆಳಗಿನ ಹೊತ್ತಿಗೆ ದೇವದುರ್ಗ. ಮೂರು ದಿನ ನಿದ್ದೆ ಮಾಡೋ ಪ್ಲಾನ್ ಇತ್ತು. ಮನೆಗೆ ಹೋದ ಕೂಡಲೇ ಅಪ್ಪ ಹೇಳಿದ್ರು: "ಸೋಮವಾರ ಎಲ್ಲಾರೂ ಲಗೂನ ಏಳಬೇಕು. ನಿಮ್ ಕಾಕಾಗ ಸನ್ಮಾನ ಅದ."

ಕಾಕಾ ಅಂದ್ರೆ ಅಪ್ಪನ ತಮ್ಮ. ಹೆಡ್ ಕಾನ್‌ಸ್ಟೆಬಲ್. ನಮ್ಮ ಕಡೆ ಇನ್ನೂ ದಫೇದಾರ್ ಅಂತಲೇ ಕರೀತಾರೆ. ರಾಯಚೂರು ಜಿಲ್ಲೆಯಲ್ಲೇ ಇಪ್ಪತ್ತೆಂಟು ವರ್ಷದ ಸರ್ವಿಸ್. ಯಾವ ಠಾಣೆ ಅಂತ ಬರೆಯಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಸೋಮವಾರ ಧ್ವಜ ಏರಿಸಿದ್ದಾಯ್ತು, ಮಕ್ಕಳ ಡ್ರಿಲ್ ಆಯ್ತು, ಭಾಷಣಗಳಾದವು. ಆಮೇಲೆ ಬೇರೆ ಬೇರೆ ಇಲಾಖೆಯ ಹತ್ತು ಹನ್ನೆರಡು ಜನರನ್ನ ವೇದಿಕೆಗೆ ಕರೆದ್ರು. ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿದ ಪ್ರಮಾಣಪತ್ರ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಕಾಕಾ ಫೋಟೊಗೆ ನಿಂತಾಗ ಮುಖದಲ್ಲಿ ನಗು ಇರಲಿಲ್ಲ. ಬಂದೋಬಸ್ತಿಗೆ ನಿಂತಾಗಿನ ಮುಖಾನೇ ಇತ್ತು. ನಾನು ವಿಡಿಯೊ ಮಾಡಿದೆ. ನಲವತ್ತು ಸೆಕೆಂಡಿನ ವಿಡಿಯೊದಲ್ಲಿ ಇಪ್ಪತ್ತು ಸೆಕೆಂಡು ಯಾರದೋ ಬೆನ್ನು.

ಮನೆಗೆ ಬಂದು ಫ್ರೇಮ್ ನೋಡಿದ್ವಿ. 2025ನೇ ಸಾಲಿನಲ್ಲಿ ಸಲ್ಲಿಸಿದ ಅತ್ಯುತ್ತಮ ಸೇವೆಯನ್ನು ಗುರುತಿಸಿ ಅಭಿನಂದಿಸಲಾಗಿದೆ, ಇಷ್ಟೇ ಇತ್ತು. ಕಾಕಾನ ಹೆಸರಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅಪ್ಪನಿಗೆ ಸಿಟ್ಟು ಬಂತು. ಕಾಕಾ ಮಾತ್ರ ಆರಾಮ್ ಇದ್ದ.

"ಬಿಡಣ್ಣ, ಬೆಂಗಳೂರಾಗ ಮುಖ್ಯಮಂತ್ರಿ ಪದಕದ ಮ್ಯಾಲೇ ಅಕ್ಷರ ತಪ್ಪಿದ್ವಂತ. ನಂದೇನು ಮಹಾ."

ಅದು ನಿಜ. 2024ರ ನವೆಂಬರ್ 1, ಅದೂ ಕನ್ನಡ ರಾಜ್ಯೋತ್ಸವದ ದಿನ, ಕೊಟ್ಟ ಮುಖ್ಯಮಂತ್ರಿ ಪದಕಗಳಲ್ಲಿ ಕಾಗುಣಿತದ ತಪ್ಪುಗಳಿದ್ದವು. ಅಂಥ ಪದಕಗಳನ್ನ ವಾಪಸ್ ಪಡೆದು ಬೇರೆ ಕೊಡಬೇಕಾಯ್ತು. ನಾವೆಲ್ಲ ಆಗ ಸ್ಕ್ರೀನ್‌ಶಾಟ್ ಹಂಚಿಕೊಂಡು ನಕ್ಕಿದ್ವಿ. ಪದಕ ಎದೆಗೆ ಹಾಕಿಕೊಂಡವರಿಗೆ ಹೇಗನ್ನಿಸಿರಬಹುದು ಅಂತ ನನಗೆ ಹೊಳೆದದ್ದು ಕಾಕಾನ ಫ್ರೇಮ್ ನೋಡಿದ ಮೇಲೆಯೇ.

ಪದಕಗಳ ಲೆಕ್ಕ ನನಗೂ ಗೊತ್ತಿರಲಿಲ್ಲ, ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಕಾಕಾ ಹೇಳಿದ. ರಾಷ್ಟ್ರಪತಿ ಪದಕಗಳು ವರ್ಷಕ್ಕೆ ಎರಡು ಸಲ, ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿಗೆ ಪ್ರಕಟ ಆಗ್ತವೆ. ಶೌರ್ಯಕ್ಕೆ ಬೇರೆ, ವಿಶಿಷ್ಟ ಸೇವೆಗೆ ಬೇರೆ, ಶ್ಲಾಘನೀಯ ಸೇವೆಗೆ ಬೇರೆ. ರಾಜ್ಯದ್ದು ಮುಖ್ಯಮಂತ್ರಿ ಪದಕ. ಅದನ್ನ ಸಾಮಾನ್ಯವಾಗಿ ಏಪ್ರಿಲ್ 2ರ ಪೊಲೀಸ್ ಧ್ವಜ ದಿನ ಕೋರಮಂಗಲದ ಕೆಎಸ್‌ಆರ್‌ಪಿ ಮೈದಾನದಲ್ಲಿ ಕೊಡ್ತಾರೆ. ಏಪ್ರಿಲ್ 2 ಯಾಕೆ ಅಂದ್ರೆ, ನಮ್ಮ ರಾಜ್ಯದ ಪೊಲೀಸ್ ಕಾಯ್ದೆ 1965ರಲ್ಲಿ ಜಾರಿಗೆ ಬಂದದ್ದು ಆ ದಿನ. ಅದರ ಕೆಳಗೆ ಡಿಜಿ-ಐಜಿಪಿ ಅವರ ಪ್ರಶಂಸನಾ ಪದಕ. ಅದರ ಕೆಳಗೆ ಎಸ್‌ಪಿ ಸಾಹೇಬ್ರ ಪ್ರಶಂಸಾ ಪತ್ರ. ಅದರ ಕೆಳಗೆ?

"ಅದರ ಕೆಳಗ ನಿಮ್ ಚಿಗವ್ವ ಕೊಡೋ ಚಾ," ಅಂದ ಕಾಕಾ.

ಚಿಗವ್ವ ನಗಲಿಲ್ಲ. ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ ಬಿಚ್ಚುತ್ತಾ, ನನ್ನ ಕಡೆ ನೋಡಿ ಒಂದು ಮಾತಂದ್ಲು. "ವರ್ಷಪೂರ್ತಿ ಅತ್ಯುತ್ತಮ ಅಂತ ಬರದಾರಲ್ಲ, ಆ ವರ್ಷದಾಗ ಇವರು ಮನ್ಯಾಗ ಎಷ್ಟು ರಾತ್ರಿ ಮಲಗ್ಯಾರ ಕೇಳವ್ವ. ಅದನ್ನೂ ಬರೀಬೇಕಾಗಿತ್ತು."

ಯಾರೂ ಮಾತಾಡಲಿಲ್ಲ. ಕಾಕಾ ಎದ್ದು ಕೈ ತೊಳ್ಕೊಂಡ.

ಸಂಜೆ ನಾನೇ ಕೇಳಿದೆ, ಕಾಕಾ, ಹೋದ ವರ್ಷ ಏನೇನ್ ಮಾಡಿದಿ ಅಂತ. "ಏನ್ ಮಾಡ್ತೀನವ್ವ, ಡ್ಯೂಟಿ" ಅಂದ. ನಾನು ಬಿಡಲಿಲ್ಲ. ನಮ್ಮ ಕಂಪನಿಯಲ್ಲಿ ಅಪ್ರೈಸಲ್ ಬಂದಾಗ ವರ್ಷದ ಕೆಲಸ ಎಲ್ಲ ಒಂದು ಫಾರ್ಮಿನಲ್ಲಿ ತುಂಬಬೇಕು, ಮಾಡಿದ್ದು ಒಂದಿದ್ರೆ ಮೂರು ಅಂತ ಬರೀತೀವಿ, ನೀನು ಒಂದನ್ನೂ ಹೇಳಲ್ಲ ಅಂದ್ರೆ ಹೇಗೆ ಅಂದೆ. ಆತ ಒಳಗೆ ಹೋಗಿ ಗೂಟಕ್ಕೆ ಹಾಕಿದ್ದ ಹಳೆ ಯೂನಿಫಾರ್ಮಿನ ಜೇಬಿನಿಂದ ಒಂದು ಸಣ್ಣ ಡೈರಿ ತಂದುಕೊಟ್ಟ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡ್ತಾರಲ್ಲ, ಅಂಥದ್ದು. ಇಲಾಖೆಯ ಪುಸ್ತಕ ಅಲ್ಲ, ಆತನ ಸ್ವಂತದ್ದು. ಬೆವರಿಗೆ ಅಂಚೆಲ್ಲ ಅಲೆ ಅಲೆಯಾಗಿತ್ತು. "ಹೆಸರು, ಕೇಸಿನ ನಂಬರ್ ಎಲ್ಲೂ ಹಾಕಬ್ಯಾಡ" ಅಂತ ಹೇಳೇ ಕೊಟ್ಟ.

ಒಂದೊಂದು ದಿನಕ್ಕೆ ಒಂದೊಂದು ಸಾಲು. ಕೆಲವು ದಿನ ಅದೂ ಇಲ್ಲ.

"ಸಮನ್ಸ್ 3. ಇಬ್ಬರು ಗುಳೆ." ಇದು ಡೈರಿಯಲ್ಲಿ ಅತಿ ಹೆಚ್ಚು ಸಲ ಬಂದ ಸಾಲು. ನಮ್ಮ ತಾಲ್ಲೂಕಿನ ತಾಂಡಾಗಳಿಂದ, ಊರುಗಳಿಂದ ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರು, ಪುಣೆ ಕಡೆ ಕಟ್ಟಡದ ಕೆಲಸಕ್ಕೆ ಹೋಗ್ತಾರೆ. ನಾರಾಯಣಪುರ ಬಲದಂಡೆ ಕಾಲುವೆ ನೀರು ಎಲ್ಲರ ಹೊಲಕ್ಕೂ ಬರಲ್ಲ. ಕೋರ್ಟಿನಿಂದ ಸಮನ್ಸ್ ಬಂದಾಗ ಮನೆಗೆ ಬೀಗ, ಇಲ್ಲಾ ಕಣ್ಣು ಕಾಣದ ಮುದುಕಿ. ಕಾಕಾನ ಬೈಕು ಜಾಲಹಳ್ಳಿ, ಅರಕೇರಾ, ಗಬ್ಬೂರು ಅಂತ ಸುತ್ತಿದ್ದೇ ಸುತ್ತಿದ್ದು. ಸಾಕ್ಷಿ ಕೋರ್ಟಿಗೆ ಬರದಿದ್ರೆ ಕೇಸು ಮುಂದಕ್ಕೆ ಹೋಗುತ್ತೆ. ಪೇಪರಿನಲ್ಲಿ ವರ್ಷಗಟ್ಟಲೆ ಕೊಳೆಯುವ ಕೇಸು ಅಂತ ಓದ್ತೀವಲ್ಲ, ಅದರಲ್ಲಿ ಅರ್ಧ ಕಥೆ ಈ ಬೀಗದ ಮುಂದೆ ನಿಂತಿರುತ್ತೆ.

"ಗೂಗಲ್." ಇದನ್ನ ನೋಡಿ ನನಗೆ ನಗು. ನಿಮಗೆ ಗೊತ್ತಿಲ್ಲದಿದ್ರೆ ಹೇಳ್ತೀನಿ, ಗೂಗಲ್ ಅನ್ನೋದು ನಮ್ಮ ತಾಲ್ಲೂಕಿನ ಕೃಷ್ಣಾ ದಂಡೆಯ ಊರು. ಅಲ್ಲಮಪ್ರಭುವಿನ ಗುಡಿ ಇದೆ, ಬ್ರಿಡ್ಜ್ ಕಮ್ ಬ್ಯಾರೇಜ್ ಇದೆ. ಆ ಕಂಪನಿಗಿಂತ ನೂರಾರು ವರ್ಷ ಹಿರಿಯದು. ಕಾಕಾ ಅಲ್ಲಿಗೆ ಬಂದೋಬಸ್ತಿಗೆ ಹೋಗಿದ್ದ, ಅಷ್ಟೇ.

"ಸೆಕ್ಷನ್ ಪಟ್ಟಿ ಮತ್ತ ಬರಕೊಂಡೆ." 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ. ಕೊಲೆ ಅಂದ್ರೆ 302, ಮೋಸ ಅಂದ್ರೆ 420 ಅಂತ ಸಿನಿಮಾ ನೋಡಿದ ನಮಗೂ ಬಾಯಿಪಾಠ. ಈಗ ಕೊಲೆ 103, ಮೋಸ 318, ಕಳ್ಳತನ 303. ಐವತ್ತು ದಾಟಿದ ಮನುಷ್ಯ ರಾತ್ರಿ ಪಾಳಿಯಲ್ಲಿ ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದಾನೆ. ಡೈರಿಯ ಹಿಂದಿನ ಹಾಳೆಗಳಲ್ಲಿ ಎಡಕ್ಕೆ ಹಳೆ ನಂಬರು, ಬಲಕ್ಕೆ ಹೊಸ ನಂಬರು. ಜಪ್ತಿ, ಶೋಧನೆ ಎಲ್ಲವನ್ನೂ ಈಗ ವಿಡಿಯೊ ಮಾಡಬೇಕು ಅಂತ ಹೊಸ ಕಾಯ್ದೆಯಲ್ಲಿದೆ. ಫೋನ್ ನಡುಗದ ಹಾಗೆ ಹಿಡಿಯೋದು ಹೇಗೆ ಅಂತ ಕಾಕಾ ಒಂದು ಸಲ ನನ್ನ ತಮ್ಮನಿಗೆ ಕೇಳಿದ್ದ. ನಾವು ಆಗ ರೀಲ್ಸ್ ಮಾಡೋಕೆ ಹೊರಟಿದ್ದಾನೆ ಅಂತ ರೇಗಿಸಿದ್ವಿ.

"ಅಜ್ಜಿ. ಗೃಹಲಕ್ಷ್ಮಿ. 6 ಸಾವಿರ. 1930." ಮೂರು ಕಂತಿನ ದುಡ್ಡು ಖಾತೆಗೆ ಬಂದಿತ್ತು, ಯಾರೋ ಫೋನ್ ಮಾಡಿ ಒಟಿಪಿ ಕೇಳಿ ಎಲ್ಲಾ ಎಳೆದುಕೊಂಡಿದ್ರು. ಮೊಮ್ಮಗ ಅಜ್ಜಿಯನ್ನ ಮಾರನೇ ದಿನ ಕರ್ಕೊಂಡು ಬಂದ. ಸೈಬರ್ ಮೋಸಕ್ಕೆ 1930ಕ್ಕೆ ಎಷ್ಟು ಬೇಗ ಫೋನ್ ಮಾಡ್ತೀರೋ ಅಷ್ಟು ದುಡ್ಡು ಉಳಿಯೋ ಸಾಧ್ಯತೆ, ಯಾಕಂದ್ರೆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ಮೊದಲೇ ಬ್ಯಾಂಕು ಅದನ್ನ ತಡೆಹಿಡಿಯಬೇಕು. ಮಾರನೇ ದಿನ ಅಂದ್ರೆ ತಡ. ಸಿಕ್ಕಿತಾ ಅಂತ ಕೇಳಿದೆ. "ಇಲ್ಲ." ಆಮೇಲೆ ಒಂದು ತಿಂಗಳು ಆ ಅಜ್ಜಿ ಪ್ರತಿ ಸಂತೆ ದಿನ ಠಾಣೆ ಮುಂದೆ ಬಂದು ಕೂತು ಹೋಗ್ತಿದ್ಲಂತೆ. ಕಾಕಾ ಚಾ ಕುಡಿಸಿ ಕಳಿಸ್ತಿದ್ದ. ಅತ್ಯುತ್ತಮ ಸೇವೆಯಲ್ಲಿ ಇದು ಬರುತ್ತಾ ಇಲ್ಲವಾ ನನಗೆ ಗೊತ್ತಿಲ್ಲ. ದುಡ್ಡಂತೂ ಬರಲಿಲ್ಲ.

"ಮರಳು. ರಾತ್ರಿ 2. ಟ್ರ್ಯಾಕ್ಟರ್ 1." ಈ ಸಾಲು ಓದುವಾಗ ಚಿಗವ್ವ ಪಕ್ಕದಲ್ಲೇ ಇದ್ಲು. ಡೈರಿಯಿಂದ ಮುಖ ತಿರುಗಿಸಿದ್ಲು. ಕೃಷ್ಣೆ, ತುಂಗಭದ್ರೆ, ಭೀಮೆ ಹರಿಯುವ ಕಡೆ ಮರಳು ಅಂದ್ರೆ ದುಡ್ಡು. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಹತ್ತಿರ ಮರಳಿನ ಲಾರಿ ತಡೆಯೋಕೆ ಹೋದ ಗ್ರಾಮಲೆಕ್ಕಿಗರ ಮೇಲೆ ಲಾರಿಯನ್ನೇ ಹತ್ತಿಸಿ ಕೊಂದರು. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಮಯೂರ್ ಚವ್ಹಾಣ್ ಅವರನ್ನೂ ಮರಳಿನ ಟ್ರ್ಯಾಕ್ಟರ್ ಹಾಯಿಸಿ ಕೊಂದದ್ದು ನೀವು ಓದಿರ್ತೀರಿ. ಅದೇ ಹುದ್ದೆ, ಅದೇ ಹೊತ್ತು, ಅದೇ ಕೆಲಸ. ಅವತ್ತಿನಿಂದ ಕಾಕಾನಿಗೆ ರಾತ್ರಿ ಗಸ್ತು ಇದ್ದ ದಿನ ಚಿಗವ್ವ ಟಿವಿ ಸೌಂಡ್ ಇಲ್ಲದೆ ಹಚ್ಚಿಕೊಂಡು ಕೂತಿರ್ತಾಳೆ.

ಏಪ್ರಿಲ್ ತಿಂಗಳ ಪುಟಕ್ಕೆ ಬಂದಾಗ ಒಂದು ಸಾಲಿನಲ್ಲಿ ನಾನೇ ಇದ್ದೆ. "ಮಗಳಿಗೆ ಫೋನ್. ವರ್ತೂರು ಶೆಡ್."

ಅದನ್ನ ನಾನು ಮರೆತೇಬಿಟ್ಟಿದ್ದೆ. ಮರೆತಿದ್ದೆ ಅನ್ನೋದು ಸುಳ್ಳು, ಸಣ್ಣ ವಿಷಯ ಅಂದುಕೊಂಡಿದ್ದೆ. 2025ರ ಏಪ್ರಿಲ್, ಒಂದು ಶನಿವಾರ ರಾತ್ರಿ ಕಾಕಾನ ಫೋನ್ ಬಂತು. ಒಂದು ತಾಂಡಾದಲ್ಲಿ ಒಂಬತ್ತನೇ ಕ್ಲಾಸ್ ಮುಗಿಸಿದ ಹುಡುಗಿ, ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಅಜ್ಜ ಅಜ್ಜಿ ಸೇರಿ ಅವಳ ಮದುವೆ ನಿಕ್ಕಿ ಮಾಡಿದ್ದಾರೆ. ಏಪ್ರಿಲ್ 30ಕ್ಕೆ ಬಸವ ಜಯಂತಿ, ಅಕ್ಷಯ ತೃತೀಯ, ಆ ದಿನ ಬೇರೆ ಮುಹೂರ್ತ ನೋಡೋದೇ ಬೇಡ. ಬೀಟಿಗೆ ಹೋದಾಗ ಅಂಗನವಾಡಿ ಕಾರ್ಯಕರ್ತೆ ಹೇಳಿದ್ರಂತೆ. "ಅಜ್ಜಗ ಕಾಯ್ದೆ ಹೇಳಿದೆ, ಹೂಂ ಅಂದಾನ. ಹೂಂ ಅಂದ ಅಂತ ನಾ ಬಿಟ್ರ ರಾತ್ರೋರಾತ್ರಿ ಬ್ಯಾರೆ ಊರಿಗೆ ಒಯ್ದು ಮಾಡ್ತಾರ. ಅವ್ವ ಅಪ್ಪನ ಜೋಡಿ ಮಾತಾಡಬೇಕು. ಫೋನ್ ಹತ್ತವಲ್ದು. ವರ್ತೂರು ಕಡೆ ಎಲ್ಲೋ ಅಪಾರ್ಟ್‌ಮೆಂಟ್ ಕಟ್ಟಾಕತ್ತಾರಂತ. ನಿನಗ ಸನ್ಯಾಕ ಆಗತದೇನವ್ವ?"

ಸನ್ಯಾಕೆ ಅಂದ್ರೆ ಹತ್ತಿರ. ಬೆಂಗಳೂರಿನ ಹತ್ತಿರ ಏನು ಅಂತ ಕಾಕಾನಿಗೆ ಏನು ಗೊತ್ತು. ಭಾನುವಾರ ನನ್ನ ಗೆಳತಿಯನ್ನ ಎಬ್ಬಿಸಿ ಸ್ಕೂಟಿಯಲ್ಲಿ ಹೊರಟೆ. ವರ್ತೂರು ಕಡೆ ಎಷ್ಟು ಅಪಾರ್ಟ್‌ಮೆಂಟ್ ಕಟ್ತಿದ್ದಾರೆ ಅಂತ ನಿಮಗೆ ಗೊತ್ತೇ ಇದೆ, ನಮ್ಮಲ್ಲಿ ಕೆಲವರು ಅವುಗಳಿಗೆ ಮುಂಗಡಾನೂ ಕಟ್ಟಿದ್ದೀವಿ. ನೀಲಿ ತಗಡಿನ ಶೆಡ್ಡುಗಳ ಸಾಲು. ಪ್ರತಿ ಕಡೆ ದೇವದುರ್ಗದವರು ಇದ್ದೀರಾ ಅಂತ ಕೇಳ್ತಾ ಹೋದ್ವಿ. ನಾಲ್ಕನೇ ಕಡೆ ಒಬ್ಬಳು ಹೆಂಗಸು ಬಟ್ಟೆ ಒಗೀತಾ ಇದ್ಲು. ನಾನು ನಮ್ಮ ಭಾಷೆಯಲ್ಲಿ ಮಾತಾಡಿದ ಕೂಡಲೇ ಎದ್ದು ನಿಂತು ಒದ್ದೆ ಕೈಯನ್ನ ಸೀರೆಗೆ ಒರೆಸಿಕೊಂಡ್ಲು. ಅವಳೇ.

ಬೈಯ್ಯಬೇಕು ಅಂತಲೇ ಹೋಗಿದ್ದೆ. ಹದಿನೆಂಟು ವರ್ಷ, ಕಾಯ್ದೆ, ಜೈಲು, ಎಲ್ಲ ಸಾಲುಗಳನ್ನ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಅವಳು ಒಂದೇ ಮಾತು ಹೇಳಿದ್ಲು. "ಯಕ್ಕಾ, ಒಂದ ಹುಡುಗಿನ್ನ ಮುದುಕರ ಹತ್ರ ಬಿಟ್ಟು ಬಂದೀವಿ. ರಾತ್ರಿ ಇಲ್ಲಿ ಮಲಗಿದ್ರ ನಿದ್ದಿ ಬರಂಗಿಲ್ಲ. ಏನರ ಆದ್ರ ಯಾರ್ ಕೇಳ್ತಾರ? ಲಗ್ನ ಆದ್ರ ಒಂದು ಮನಿ ಅಂತ ಆಗತದ."

ನನ್ನ ಸಾಲುಗಳೆಲ್ಲ ಎಲ್ಲಿ ಹೋದವೋ. ಕಾಕಾನಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. ಕಾಕಾ ಆ ಕಡೆಯಿಂದ ಕಾಯ್ದೆ ಹೇಳಲೇ ಇಲ್ಲ. "ತಂಗಿ, ನಿನ್ ಮಗಳಿಗೆ ಹಾಸ್ಟೆಲ್ ಸೀಟ್ ಕೊಡಸ್ತೀನಿ, ಊಟ ಅಲ್ಲೇ, ಸಾಲಿ ಅಲ್ಲೇ. ರಾತ್ರಿ ಬಾಗಲಿಗೆ ಕೀಲಿ ಹಾಕ್ತಾರ. ನೀ ಅಲ್ಲಿ ಆರಾಮ್ ಮಲಕ್ಕೊ" ಅಂದ. ಸ್ಪೀಕರ್ ಹಾಕಿದ್ದೆ, ನನಗೂ ಕೇಳಿಸಿತು. ಅವಳು ಎಷ್ಟೋ ಹೊತ್ತು ಸುಮ್ಮನಿದ್ದು, "ಬರೋಬ್ಬರಿ ನೋಡ್ಕೊಳ್ತಾರೇನ್ರಿ ಸಾಹೇಬ್ರ?" ಅಂತ ಕೇಳಿದ್ಲು.

ಆ ಸೀಟಿಗೆ ಕಾಕಾ ಎಷ್ಟು ಸಲ ಓಡಾಡಿದ ಅನ್ನೋದು ಡೈರಿಯಲ್ಲಿದೆ. ಮೇ ತಿಂಗಳಲ್ಲಿ ಎರಡು ಸಲ, ಜೂನ್‌ನಲ್ಲಿ ಐದು ಸಲ "ಹಾಸ್ಟೆಲ್". ಒಂದು ದಿನ "ಹಾಸ್ಟೆಲ್. ಟಿಸಿ ಇಲ್ಲ ಅಂದ್ರು." ಮತ್ತೊಂದು ದಿನ "ಹಾಸ್ಟೆಲ್. ಆಯ್ತು." ಆಯ್ತು ಅನ್ನೋದರ ಕೆಳಗೆ ಗೆರೆ ಎಳೆದಿದ್ದಾನೆ. ಇಡೀ ಡೈರಿಯಲ್ಲಿ ಗೆರೆ ಎಳೆದದ್ದು ಅದೊಂದೇ.

ಇದಕ್ಕೆ ಎಫ್‌ಐಆರ್ ಇಲ್ಲ. ನಡೆಯದೇ ಹೋದ ಮದುವೆಗೆ ಯಾವ ಸೆಕ್ಷನ್ ಹಾಕ್ತಾರೆ? ತಿಂಗಳ ಕೊನೆಯ ವರದಿಯಲ್ಲಿ ಪತ್ತೆ ಎಷ್ಟು, ಬಾಕಿ ಎಷ್ಟು ಅಂತ ಕಾಲಂ ಇರ್ತವೆ. ಆ ಹುಡುಗಿ ಯಾವ ಕಾಲಮ್ಮಿನಲ್ಲೂ ಇಲ್ಲ. ಪ್ರಮಾಣಪತ್ರ ಬರೆದವರಿಗೂ ಇದು ಗೊತ್ತಿರಲಿಲ್ಲ ಅಂತ ನನಗೆ ಖಾತ್ರಿ ಇದೆ.

ಹಾಗಂತ ಕಾಲಂಗಳೇ ಬೇಡ ಅಂತ ನಾನು ಹೇಳಲ್ಲ. ಹೋದ ನವೆಂಬರ್ ಕೊನೆಗೆ ನಮ್ಮ ಜಿಲ್ಲೆಯ ಎಲ್ಲ ವಾಟ್ಸ್‌ಆ್ಯಪ್ ಗ್ರೂಪಲ್ಲೂ ಒಂದೇ ಸುದ್ದಿ. ಕೇಂದ್ರ ಗೃಹ ಸಚಿವಾಲಯದ 2025ರ ಉತ್ತಮ ಪೊಲೀಸ್ ಠಾಣೆಗಳ ಪಟ್ಟಿಯಲ್ಲಿ ರಾಯಚೂರು ಜಿಲ್ಲೆಯ ಕವಿತಾಳ ಠಾಣೆಗೆ ದೇಶಕ್ಕೇ ಮೂರನೇ ಸ್ಥಾನ! ಮೊದಲನೆಯದು ದೆಹಲಿಯ ಗಾಜೀಪುರ, ಎರಡನೆಯದು ಅಂಡಮಾನಿನ ಪಹರ್‌ಗಾಂವ್, ಮೂರನೆಯದು ನಮ್ಮ ಕವಿತಾಳ. ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವಾಗ ಸಿರವಾರ ದಾಟಿದ ಮೇಲೆ ಬರುತ್ತಲ್ಲ, ಅದೇ. ಮೊದಲು ಮಾನ್ವಿ ತಾಲ್ಲೂಕಿನಲ್ಲಿತ್ತು, ಈಗ ಸಿರವಾರ ತಾಲ್ಲೂಕು. ಬೆಂಗಳೂರಿನಲ್ಲಿ ರಾಯಚೂರು ಅಂದ್ರೆ ಬಿಸಿಲು, ಹಿಂದುಳಿದ ಜಿಲ್ಲೆ ಅಂತ ಕೇಳಿ ಕೇಳಿ ಸಾಕಾಗಿರುವ ನನಗೆ ಆ ದಿನ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು.

ಈ ಆಯ್ಕೆ ಶುರುವಾದದ್ದು 2015ರಲ್ಲಿ ಗುಜರಾತಿನ ಕಛ್‌ನಲ್ಲಿ ನಡೆದ ಡಿಜಿಪಿಗಳ ಸಮ್ಮೇಳನದ ನಂತರ. ಠಾಣೆಗಳಿಗೆ ಅಂಕ ಕೊಡೋಕೆ ಮಾನದಂಡ ಮಾಡಿ ಅಂತ ಪ್ರಧಾನಿ ಅಲ್ಲಿ ಸೂಚಿಸಿದ್ರು. 2020ರಲ್ಲಿ ದೇಶದ 16,671 ಠಾಣೆಗಳಿಂದ ಆರಿಸಿದಾಗ ಮೊದಲ ಸ್ಥಾನ ಹೋದದ್ದು ಮಣಿಪುರದ ನೊಂಗ್‌ಪೊಕ್ ಸೆಕ್ಮಾಯ್ ಅನ್ನೋ ಸಣ್ಣ ಠಾಣೆಗೆ. ಆಸ್ತಿ ಅಪರಾಧ, ಮಹಿಳೆಯರ ಮೇಲಿನ ಅಪರಾಧ, ದುರ್ಬಲರ ಮೇಲಿನ ಅಪರಾಧ ಇವನ್ನ ಹೇಗೆ ನಿಭಾಯಿಸಿದ್ದಾರೆ, ಕಾಣೆಯಾದವರು ಸಿಕ್ಕಿದ್ದಾರಾ ಅಂತ ಆ ವರ್ಷ ನೋಡಿದ್ರು. ನೂರರಲ್ಲಿ ಇಪ್ಪತ್ತು ಅಂಕ ಠಾಣೆಯ ಸೌಲಭ್ಯ ಮತ್ತು ಜನರ ಅಭಿಪ್ರಾಯಕ್ಕೆ. ಅಂದ್ರೆ ಬಾಗಿಲಲ್ಲಿ ನಿಂತ ಮುದುಕಿಗೆ ಕುರ್ಚಿ ಕೊಟ್ಟರಾ ಅನ್ನೋದಕ್ಕೂ ಎಲ್ಲೋ ಒಂದಿಷ್ಟು ಅಂಕ ಇದೆ.

ಕವಿತಾಳದ ಸುದ್ದಿಗೆ ಕಾಕಾ ಏನಂದ ಗೊತ್ತಾ? ಹೊಟ್ಟೆಕಿಚ್ಚು ಪಡ್ತಾನೆ ಅಂದುಕೊಂಡಿದ್ದೆ. "ಠಾಣೆಗೆ ಕೊಟ್ಟಾರಲ್ಲ, ಅದು ಪಾಡಾತು" ಅಂದ. "ಒಬ್ಬಗ ಕೊಟ್ರ ಉಳದವ್ರಿಗೆ ಬ್ಯಾಸರ. ರೈಟರ್ ನೆಟ್ಟಗ ಬರೀದಿದ್ರ ಸಾಹೇಬ್ರು ಏನ್ ಮಾಡ್ತಾರ? ಹೆಣ್ಮಕ್ಕಳು ಕಂಪ್ಲೇಂಟಿಗೆ ಬಂದಾಗ ಲೇಡಿ ಪಿಸಿ ಇಲ್ಲಂದ್ರ ಅವ್ರು ಬಾಯಿ ಬಿಡ್ತಾರೇನು?" ನನಗೆ ಅದು ಸರಿ ಅನ್ನಿಸಿತು. ಆದ್ರೂ ಪೂರ್ತಿ ಒಪ್ಪಲಾರೆ. ಇಡೀ ಠಾಣೆಗೆ ಕೊಟ್ಟ ಟ್ರೋಫಿಯನ್ನ ಯಾರ ಹೆಂಡತಿ ಮನೆಗೆ ತಂದು ಗೋಡೆಗೆ ಹಾಕ್ತಾಳೆ?

ಸೆಪ್ಟೆಂಬರ್ ಪುಟಗಳು.

ಹೋದ ವರ್ಷ ಗಣೇಶ ವಿಸರ್ಜನೆ, ಈದ್ ಮಿಲಾದ್ ಎರಡೂ ಅಕ್ಕಪಕ್ಕದ ದಿನ ಬಂದಿದ್ದವು. ಅದಕ್ಕೂ ಮೊದಲು ಜುಲೈನಲ್ಲಿ ಮೊಹರಂ. ಹೊರಗಿನವರಿಗೆ ಇದು ಬಂದೋಬಸ್ತಿನ ತಲೆನೋವು ಅಷ್ಟೇ, ಆದ್ರೆ ನಮ್ಮ ಕಡೆ ಊರೂರಲ್ಲಿ ಅಲಾಯಿ ಕುಣಿಯೋರಲ್ಲಿ ಅರ್ಧ ಹಿಂದೂಗಳೇ, ಮುದಗಲ್ಲಿನ ಮೊಹರಂ ನೋಡಿದವರಿಗೆ ಹೇಳೋದೇ ಬೇಡ. ಜಗಳ ಆಗೋದು ಹಬ್ಬಕ್ಕಲ್ಲ, ಡಿಜೆಗೆ ಅಂತ ಕಾಕಾನ ವಾದ. ಇರಲಿ. ಹತ್ತು ದಿನ ರಜೆ ಇಲ್ಲ, ವಾರದ ರಜೆಯೂ ಇಲ್ಲ.

ಆ ಹತ್ತು ದಿನದ ನಡುವೆಯೇ ನಮ್ಮ ಅಜ್ಜಿ, ಕಾಕಾನ ಅವ್ವ, ಮಲಗಿದ ಕಡೆಯಿಂದ ಏಳಲಿಲ್ಲ. ಮೂರು ದಿನ ಸಣ್ಣ ಮಗನ ಹೆಸರೇ ಹೇಳಿದ್ಲು. ಕಾಕಾ ರಾತ್ರಿ ಹನ್ನೆರಡಕ್ಕೆ ಬಂದು, ಅವಳ ಕಾಲ ಬಳಿ ಕೂತು, ಐದಕ್ಕೆ ಎದ್ದು ಹೋಗ್ತಿದ್ದ. ಹೋದ ದಿನ ಮೆರವಣಿಗೆ ನಡುವೆ ಇದ್ದ. ಅಪ್ಪ ಎಂಟು ಸಲ ಫೋನ್ ಮಾಡಿದ್ರು, ತಮಟೆ ಸದ್ದಿನಲ್ಲಿ ಕೇಳಿಸಿಲ್ಲ. ಮಣ್ಣು ಮಾಡೋ ಹೊತ್ತಿಗೆ ಬಂದ, ಯೂನಿಫಾರ್ಮಿನಲ್ಲೇ. ಹೆಗಲು ಕೊಟ್ಟ.

ಆ ದಿನದ ಪುಟದಲ್ಲಿ ಬರೆದದ್ದು: "ರಜೆ 3 ದಿನ. ಅವ್ವ."

ಅದನ್ನ ಓದಿ ನಾನು ಡೈರಿ ಮುಚ್ಚಿದೆ. ಎರಡು ನಿಮಿಷ ಬಿಟ್ಟು ಮತ್ತೆ ತೆಗೆದೆ. ನಾಲ್ಕನೇ ದಿನ: "ಸಮನ್ಸ್ 2. ಒಬ್ಬರು ಗುಳೆ."

2016ರಲ್ಲಿ ಪೊಲೀಸರು ಜೂನ್ 4ರಂದು ಸಾಮೂಹಿಕ ರಜೆ ಹಾಕ್ತೀವಿ ಅಂತ ಹೊರಟಿದ್ದು ನೆನಪಿದೆಯಾ? ಸಂಬಳ, ರಜೆ, ಕೆಲಸದ ಹೊತ್ತು, ಮೇಲಿನವರ ಕಿರುಕುಳ, ಇವೇ ಬೇಡಿಕೆ. ನಾವು ಐಟಿಯವರು ವರ್ಕ್ ಲೈಫ್ ಬ್ಯಾಲೆನ್ಸ್ ಅಂತ ಪೋಸ್ಟ್ ಹಾಕ್ತೀವಿ, ಜಗಳ ಆಡ್ತೀವಿ, ಕೊನೆಗೆ ಕಂಪನಿ ಬಿಡ್ತೀವಿ. ಪೊಲೀಸರಿಗೆ ಸಂಘ ಕಟ್ಟೋ ಹಕ್ಕಿಗೇ 1966ರ ಒಂದು ಕೇಂದ್ರ ಕಾಯ್ದೆಯ ಕಡಿವಾಣ ಇದೆ. ಆಮೇಲೆ ಔರಾದಕರ್ ಸಮಿತಿ ಬಂತು, ಸಂಬಳ ಸ್ವಲ್ಪ ಸುಧಾರಿಸಿತು. ಕಾನ್‌ಸ್ಟೆಬಲ್‌ಗಳ ಆ ಹಳೆ ಅಗಲ ಟೊಪ್ಪಿಗೆ ಹೋಗಿ 2025ರ ಅಕ್ಟೋಬರ್ ಕೊನೆಗೆ ನೀಲಿ ಪೀಕ್ ಕ್ಯಾಪ್ ಬಂತು. "ಟೋಪಿ ಹಗೂರ ಆತು" ಅಂದ ಕಾಕಾ. ರಜೆಯ ಲೆಕ್ಕ ಎಲ್ಲಿದೆಯೋ ಅಲ್ಲೇ ಇದೆ ಅಂತ ಚಿಗವ್ವನ ಕಂಪ್ಲೇಂಟು.

ಇಷ್ಟು ಓದಿ ನೀವು ಕಾಕಾನನ್ನ ದೇವರು ಮಾಡಬೇಡಿ. ನಾನೂ ಮಾಡಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಟ್ಯೂಷನ್ ಮುಗಿಸಿ ಬರ್ತಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಜನ ಸೇರಿದ್ರು. ಕಾಕಾ ಒಬ್ಬ ಹುಡುಗನ ಕಪಾಳಕ್ಕೆ ಹೊಡೆದ. ಹುಡುಗನಿಗೆ ಹೆಚ್ಚೆಂದ್ರೆ ಹದಿನಾರು ವರ್ಷ ಇರಬಹುದು, ಕೈಯಲ್ಲಿ ಹಣ್ಣಿನ ತಕ್ಕಡಿ. ಗಾಡಿ ದಾರಿಗೆ ಅಡ್ಡ ಇತ್ತಂತೆ, ಎದುರುತ್ತರ ಕೊಟ್ಟನಂತೆ. ಅವನು ಕೆನ್ನೆ ಹಿಡ್ಕೊಂಡು ನಿಂತಾಗ ಅವನ ಕಣ್ಣು ಜನರ ನಡುವೆ ನನ್ನನ್ನೇ ನೋಡಿದ ಹಾಗೆ ಅನ್ನಿಸಿತು. ನಾನು ಯಾರ ಮಗಳು ಅಂತ ಅವನಿಗೆ ಗೊತ್ತಿತ್ತು. ಆಮೇಲೆ ಎರಡು ವರ್ಷ ನಾನು ಆ ದಾರಿಯಲ್ಲಿ ಹೋಗಲಿಲ್ಲ, ಸುತ್ತು ಹಾಕಿ ಹೋಗ್ತಿದ್ದೆ. ಠಾಣೆ ಅಂದ್ರೆ ನಮ್ಮೂರಲ್ಲಿ ಜನ ಯಾಕೆ ಅಂಜುತ್ತಾರೆ ಅಂತ ಪೊಲೀಸನ ಮನೆಯ ಹುಡುಗಿಯಾದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟು ವರ್ಷ ಇದನ್ನ ಕಾಕಾನಿಗೆ ಕೇಳಿರಲಿಲ್ಲ. ಅವತ್ತು ರಾತ್ರಿ ಮಾಳಿಗೆ ಮೇಲೆ ಇಬ್ಬರೇ ಕೂತಾಗ ಕೇಳಿದೆ. ಸನ್ಮಾನದ ದಿನ ಕೇಳಬಾರದಿತ್ತೇನೋ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ದೂರದಲ್ಲಿ ಭತ್ತದ ಲಾರಿ ಒಂದು ಏರಿ ಹತ್ತೋ ಸದ್ದು.

"ನೀ ನೋಡಿದ್ದಿ ಅಂತ ನನಗ ಗೊತ್ತಿರಲಿಲ್ಲ," ಅಂದ. ಮತ್ತೆ ಸುಮ್ಮನಾದ. "ಅವನ ಹೆಸರು ನನಗ ನೆನಪದ. ಈಗ ಸ್ವಂತ ಅಂಗಡಿ ಅದ ಅವಂದು. ಅಲ್ಲೇ ಹಣ್ಣು ತರ್ತೀನಿ. ರೊಕ್ಕ ಕೊಡಾಕ ಹೋದ್ರ ತಗೊಳಂಗಿಲ್ಲ ಅಂತಾನ. ಅಂಜಿಕಿಗಿ ಅಂತಾನೋ, ಪ್ರೀತಿಗಿ ಅಂತಾನೋ ತಿಳಿಯಂಗಿಲ್ಲ. ನಾ ರೊಕ್ಕ ಅಲ್ಲಿ ಇಟ್ಟು ಬರ್ತೀನಿ."

ತಪ್ಪಾಯ್ತು ಅಂತ ಹೇಳಿದೆಯಾ ಅಂತ ಕೇಳಿದೆ.

"ಇಲ್ಲ."

ನಾನು ಮುಂದೆ ಕೇಳಲಿಲ್ಲ. ಹೇಳು ಅಂತಲೂ ಹೇಳಲಿಲ್ಲ, ಅದು ನನ್ನದೂ ಒಂದು ತಪ್ಪು ಅಂತ ಇಟ್ಟುಕೊಳ್ಳಿ.

ಮಂಗಳವಾರ ಸಂಜೆ ನನ್ನ ಬಸ್. ಒಂದು ದಿನ ರಜೆ ಜಾಸ್ತಿ ಹಾಕಿದ್ದೆ. ಬ್ಯಾಗ್ ತುಂಬುವಾಗ ಚಿಗವ್ವ ಹಿಂಡಿ, ಸಜ್ಜೆ ರೊಟ್ಟಿ ಕಟ್ಟಿಕೊಟ್ಲು. ಫ್ರೇಮ್ ಎಲ್ಲಿ ಅಂತ ನೋಡಿದೆ. ಅಜ್ಜಿಯ ಫೋಟೊದ ಪಕ್ಕ ಮೊಳೆ ಹೊಡೆದು ನೇತುಹಾಕಿದ್ಲು. ತಪ್ಪಾಗಿದ್ದ ಅಕ್ಷರದ ಮೇಲೆ ಗಾಜಿಗೆ ಒಂದು ಸಣ್ಣ ಕುಂಕುಮದ ಬೊಟ್ಟು ಇಟ್ಟಿದ್ಲು, ಪೂಜೆ ಮಾಡಿದವರ ಹಾಗೆ. ನಿನ್ನೆ ಅಷ್ಟು ಸಿಟ್ಟು ಮಾಡಿದ್ದೆಯಲ್ಲ ಅಂದೆ. "ಸಿಟ್ಟು ಬ್ಯಾರೆ. ಇಪ್ಪತ್ತೆಂಟು ವರ್ಷಕ್ಕ ಒಂದು ಬಂದದ, ಹಾಕಬ್ಯಾಡೇನು?" ಅಂದ್ಲು.

ಕಾಕಾ ಬೈಕಿನಲ್ಲಿ ಸ್ಟ್ಯಾಂಡಿಗೆ ಬಿಡೋಕೆ ಬಂದ. ದಾರಿಯಲ್ಲಿ ಹೇಳಿದೆ, ನಿನ್ನ ಬಗ್ಗೆ ಬರೀತೀನಿ ಅಂತ.

"ಹೆಸರು ಹಾಕಬ್ಯಾಡ. ಠಾಣೆದೂ ಹಾಕಬ್ಯಾಡ."

ಯಾಕೆ, ಮೇಲಿನವರು ಏನಾದ್ರೂ ಅಂತಾರಾ?

"ಅದಕ್ಕಲ್ಲ. ಆ ಹುಡುಗಿ ಯಾರು ಅಂತ ಮಂದಿ ಹುಡುಕ್ತಾರ. ಮಾರ್ಚಿನ್ಯಾಗ ಪರೀಕ್ಷಾ ಅದ ಅಕಿಂದು."

ಎಸ್ಸೆಸ್ಸೆಲ್ಸಿ. ನಾನು ಲೆಕ್ಕ ಹಾಕಿರಲೇ ಇಲ್ಲ. ಪರೀಕ್ಷೆ ಸೆಂಟರ್‌ಗಳಿಗೆ ಬಂದೋಬಸ್ತ್ ಹಾಕ್ತಾರಲ್ಲ, ನಿನಗೆ ಅವಳ ಸೆಂಟರೇ ಬರಬಹುದಾ ಅಂತ ಕೇಳಿದೆ. ಬರಂಗಿಲ್ಲ, ಎಲ್ಲಿ ಹಾಕ್ತಾರೋ ಅಲ್ಲಿ ಅಂದ. ಬಸ್ಸು ಬಂತು. ಬ್ಯಾಗ್ ಮೇಲೆ ಎತ್ತಿಕೊಟ್ಟು, ಕಿಟಕಿ ಹತ್ತಿರ ಬಂದು, "ಗಣಿತದ್ದು ಗೈಡ್ ಬೆಂಗಳೂರಾಗ ಚೊಲೋ ಸಿಗತಾವೇನು? ಒಂದು ಕಳಿಸು" ಅಂದ.

ಅವೆನ್ಯೂ ರೋಡಿನಲ್ಲಿ ತಗೊಂಡೆ. ನಿನ್ನೆ ಕೊರಿಯರ್ ಮಾಡಿದ್ದೀನಿ.